ನೆರೆಯವನ ನಾಯಿ, ಬೆಟ್ಟದ ಜಿಂಕೆ

ಹೋದ ವರ್ಷದ ಬೇಸಿಗೆಯ ಮಾತು. ಕಂಬಂ ಕಣಿವೆಯಲ್ಲಿ, ಮೇಘಮಲೆಯ ಬುಡಕ್ಕೆ ತಾಗಿದಂತಿರುವ ಒಂದು ತೋಟ. ತೋಟದ ಯಜಮಾನನು ಮುಂಜಾನೆ ಮೋಟಾರು ಹಾಕಲೆಂದು ಬಾವಿಯ ಬಳಿಗೆ ಹೋದಾಗ ಒಳಗೆ ನೀರು ಬಡಿಯುವ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಒಂದು ಹೆಣ್ಣು ಜಿಂಕೆ ಗೋಡೆಯುದ್ದಕ್ಕೂ ಸುತ್ತುತ್ತ ಈಜುತ್ತಿತ್ತು. ರಾತ್ರಿಯೆಲ್ಲ ಬೆಟ್ಟದ ಕಡೆಯಿಂದ ನಾಯಿಗಳ ಕೂಗು ಕೇಳಿದ್ದುದು ಅವನಿಗೆ ಆಗ ನೆನಪಾಯಿತು. ಅಗ್ನಿಶಾಮಕದವರೂ ಅರಣ್ಯದ ಕಾವಲುಗಾರರೂ ಬಂದು ಬಲೆ ಇಳಿಸಿ ಅದನ್ನು ಮೇಲೆತ್ತಿದರು. ತೊಡೆಯ ಮೇಲೆ ಹಲ್ಲು ತಾಗಿದ ಒಂದು ಸೀಳು ಬಿಟ್ಟರೆ ಮೈಮೇಲೆ ದೊಡ್ಡ ಗಾಯವಿರಲಿಲ್ಲ. ಎಲ್ಲರೂ ಬದುಕಿತೆಂದು ನಿಟ್ಟುಸಿರು ಬಿಟ್ಟರು. ಜಿಂಕೆ ಎದ್ದು ನಿಂತಿತು, ನಡುಗಿತು, ನಾಲ್ಕು ಹೆಜ್ಜೆ ನಡೆದು ಬೇವಿನ ಮರದ ನೆರಳಿನಲ್ಲಿ ಕುಸಿಯಿತು. ಮಧ್ಯಾಹ್ನವಾಗುವುದರೊಳಗೆ ಸತ್ತಿತು. ಪಶುವೈದ್ಯರು ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದಿನ ತುಂಬುತ್ತ ಬಂದಿದ್ದ ಮರಿಯಿತ್ತು.

ಆ ನಾಯಿಗಳು ಯಾರವೆಂಬುದು ಊರಿಗೆಲ್ಲ ಗೊತ್ತು. ಪಕ್ಕದ ತೋಟದವನು ಈತನಿಗೆ ಸೋದರಮಾವನ ವರಸೆ. “ಇಂದು ರಾತ್ರಿ ಅನ್ನದಲ್ಲಿ ಗುಳಿಗೆ ಬೆರೆಸಿ ಬೇಲಿಯ ಹತ್ತಿರ ಇಡುತ್ತೇನೆ, ನಾಳೆಯಿಂದ ಪೀಡೆ ತೊಲಗುತ್ತದೆ” ಎಂದು ಈತನು ಹಲ್ಲು ಕಡಿದನು. ಆ ರಾತ್ರಿ ಅವನು ಹಾಗೆ ಮಾಡಲಿಲ್ಲ. ಮಾಡಿದ್ದರೆ ಏನಾಗುತ್ತಿತ್ತು, ಮಾಡದೆ ಏನು ಮಾಡಿದನು ಎಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇನೆ. ಕಂಬಂ, ಗೂಡಲೂರು, ಕೊಂಬೈ, ತೇವಾರಂ, ಬೋಡಿನಾಯಕನೂರುಗಳಲ್ಲಿಯೂ ಅತ್ತ ದಿಂಡಿಗಲ್ಲಿನ ಸಿರುಮಲೆಯ ಮಗ್ಗುಲಲ್ಲಿಯೂ ಬೆಟ್ಟದಂಚಿಗೆ ಹೊಲವಿರುವ ನಮ್ಮವರಿಗೆ ಇದು ದೂರದ ಸಂಗತಿಯಲ್ಲ.

ನಾಯಿಯ ಹೆಮ್ಮೆ, ನಾಯಿಯ ಹೊಣೆ

ಮೊದಲು ನಮ್ಮ ನಾಯಿಯ ವಿಷಯ. ಕೊಂಬೈ ಎಂಬ ಊರಿನ ಹೆಸರು ಹೊರನಾಡಿನವರಿಗೆ ತಿಳಿದಿದ್ದರೆ ಅದು ಆ ಊರಿನ ನಾಯಿಯಿಂದಲೇ. ಕೆಂಪು ಮೈ, ಕಪ್ಪು ಮೋರೆ, ಗಟ್ಟಿ ದವಡೆ, ಯಜಮಾನನಿಗೆ ಪ್ರಾಣ ಕೊಡುವ ಸ್ವಭಾವ. ಪಾಳೆಯಗಾರರ ಕಾಲದಲ್ಲಿ ಹಂದಿಬೇಟೆಗೂ ಮನೆಗಾವಲಿಗೂ ಹೆಸರಾದ ತಳಿಯಿದು. ತೆಂಕಣ ಸೀಮೆಯಲ್ಲಿ ರಾಜಪಾಳಯಂ, ಚಿಪ್ಪಿಪಾರೈ, ಕನ್ನಿ ಎಂಬ ನಾಯಿಗಳಿವೆ. ನಮ್ಮ ಮೂಲನಾಡಾದ ಕರ್ನಾಟಕದಲ್ಲಿ ಮುಧೋಳದ ನಾಯಿಯಿದೆ. ಮುಧೋಳ ಮತ್ತು ರಾಜಪಾಳಯಂ ತಳಿಗಳಿಗೆ ೨೦೦೫ರಲ್ಲಿ ಅಂಚೆ ಇಲಾಖೆ ಚೀಟಿಗಳನ್ನು ಹೊರಡಿಸಿ ಗೌರವ ಮಾಡಿತು. ಇಂಥ ನಾಯಿಯನ್ನು ಸಾಕುವವನಿಗೆ ಹೆಮ್ಮೆಯಿರುವುದು ಸಹಜವೇ.

ಆದರೆ ಬೇಟೆಗೆಂದು ನೂರಾರು ವರ್ಷ ಆರಿಸಿ ಬೆಳೆಸಿದ ನಾಯಿ, ಬೇಟೆ ನಿಂತ ಮಾತ್ರಕ್ಕೆ ತನ್ನ ಗುಣವನ್ನು ಬಿಡುವುದಿಲ್ಲ. ಓಡುವುದನ್ನು ಕಂಡರೆ ಅದರ ಕಾಲು ತಾನಾಗಿ ಏಳುತ್ತದೆ. ‘ಹೊಟ್ಟೆಗೆ ಹಾಕಿದರೆ ಓಡಿಸುವುದಿಲ್ಲ’ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಹೊಟ್ಟೆ ತುಂಬಿದ ನಾಯಿಯೂ ಓಡಿಸುತ್ತದೆ, ಏಕೆಂದರೆ ಅಟ್ಟುವುದು ಅದಕ್ಕೆ ಆಟ. ಒಂಟಿ ನಾಯಿ ಬೊಗಳಿ ಹಿಂದಿರುಗುವುದುಂಟು. ಮೂರು ಸೇರಿದರೆ ಸ್ವಭಾವವೇ ಬೇರೆ. ಒಂದು ಅಟ್ಟುತ್ತದೆ, ಇನ್ನೊಂದು ಅಡ್ಡ ಬರುತ್ತದೆ, ಮತ್ತೊಂದು ಕಚ್ಚುತ್ತದೆ. ಅದರಲ್ಲೂ ಬೆದೆಗೆ ಬಂದ ಹೆಣ್ಣುನಾಯಿಯ ಹಿಂದೆ ನಾಲ್ಕು ಬೀದಿಯ ಗಂಡುಗಳು ಕೂಡಿದಾಗ ಗುಂಪಿಗೆ ಅಂಕೆಯೇ ಇರುವುದಿಲ್ಲ.

ಕಾಡಿನಲ್ಲಿ ಸೀಳುನಾಯಿಗಳೂ ಜಿಂಕೆಯನ್ನು ಹಿಡಿಯುತ್ತವಲ್ಲ, ನಮ್ಮ ನಾಯಿ ಹಿಡಿದರೇನು ಎಂದು ಕೇಳುವವರಿದ್ದಾರೆ. ಇಲ್ಲಿಯ ತಮಿಳರು ‘ಸೆನ್ನಾಯ್’ ಎನ್ನುವ ಆ ಕೆಂಪುನಾಯಿ ಕಾಡಿನ ಹುಟ್ಟು. ಜಿಂಕೆಯಿದ್ದರೆ ಅದು ಹೆಚ್ಚುತ್ತದೆ, ಜಿಂಕೆ ಕಡಮೆಯಾದರೆ ತಾನೂ ಕಡಮೆಯಾಗುತ್ತದೆ. ಹೀಗೆ ಲೆಕ್ಕ ಸರಿಹೋಗುತ್ತದೆ. ಊರನಾಯಿಗೆ ಆ ಲೆಕ್ಕವಿಲ್ಲ. ಅದರ ಅನ್ನ ನಮ್ಮ ಮನೆಯಲ್ಲಿದೆ, ಕೋಳಿಯಂಗಡಿಯವರು ಹಳ್ಳಕ್ಕೆ ಸುರಿದ ಕಸದಲ್ಲಿದೆ. ಕಾಡು ಬರಿದಾದರೂ ನಾಯಿಯ ಸಂಖ್ಯೆ ಇಳಿಯುವುದಿಲ್ಲ. ದೇಶದ ನಾನಾ ಕಡೆಯ ವರದಿಗಳನ್ನು ಕೂಡಿಸಿ ನೋಡಿದ ಒಂದು ಅಧ್ಯಯನದಲ್ಲಿ ಊರನಾಯಿಗಳು ೮೦ ಜಾತಿಯ ಕಾಡುಪ್ರಾಣಿಗಳ ಮೇಲೆ ಬಿದ್ದುದು ಕಂಡುಬಂದಿತು. ಅವುಗಳಲ್ಲಿ ೩೧ ಜಾತಿಗಳು ಅಳಿವಿನ ಅಂಜಿಕೆಯಲ್ಲಿರುವವು.

ಓಡಿದ ಮಾತ್ರಕ್ಕೆ ಸಾಯುವುದೇ?

ಗಾಯವೇ ಇಲ್ಲದ ಜಿಂಕೆ ಏಕೆ ಸತ್ತಿತೆಂದು ತೋಟದವನು ಪಶುವೈದ್ಯರನ್ನು ಕೇಳಿದನು. ಉತ್ತರ ನಮಗೆಲ್ಲ ತಿಳಿದಿರತಕ್ಕದ್ದು. ಜಿಂಕೆಯ ಓಟ ಚಿಕ್ಕ ಓಟ. ಹುಲಿ, ಚಿರತೆಗಳಿಂದ ತಪ್ಪಿಸಿಕೊಳ್ಳಲು ಅದು ಬಾಣದಂತೆ ಹಾರಿ ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ. ನಾಯಿಗಳೋ ಬಿಡದೆ ಗಂಟೆಗಟ್ಟಲೆ ಅಟ್ಟುತ್ತವೆ. ಆಗ ಅದರ ಮೈಬಿಸಿ ಏರುತ್ತದೆ, ಮಾಂಸಖಂಡಗಳಲ್ಲಿ ಆಮ್ಲ ಕೂಡುತ್ತದೆ, ಖಂಡದ ಎಳೆಗಳು ಒಳಗೊಳಗೇ ಒಡೆಯುತ್ತವೆ. ಒಡೆದ ಖಂಡದ ಬಣ್ಣ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಕಟ್ಟಿಸುತ್ತದೆ, ಗುಂಡಿಗೆ ಸೋಲುತ್ತದೆ. ಈ ಸಾವು ಕೆಲವು ಗಂಟೆಗಳಲ್ಲಿ ಬರಬಹುದು, ಕೆಲವು ದಿನ ಕಳೆದೂ ಬರಬಹುದು. ಆದುದರಿಂದ ‘ನನ್ನ ನಾಯಿ ಬರಿದೆ ಓಡಿಸಿತು, ಕಚ್ಚಲಿಲ್ಲ’ ಎಂಬ ಸಮಾಧಾನ ಪೊಳ್ಳು. ಬಸಿರಿ ಜಿಂಕೆಯಾದರೆ ಎರಡು ಜೀವ. ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟ ತಾಯಿಯಾದರೆ ಮರಿ ಅನಾಥವಾಗುತ್ತದೆ.

ಇಲ್ಲಿ ‘ಮಿಳಾ’ ಎಂದು ಕರೆಯುವ ಕಡವೆಯ ರೀತಿ ಬೇರೆ. ಅಟ್ಟಿಸಿಕೊಂಡಾಗ ಅದು ನೀರಿಗಿಳಿದು, ಮುಖ ತಿರುಗಿಸಿ ನಿಲ್ಲುತ್ತದೆ. ದಡದಲ್ಲಿ ನಾಯಿಗಳು, ನಡುವೆ ಕಡವೆ. ನೀರು ತಣ್ಣಗಿದ್ದು ಹೊತ್ತು ಹೆಚ್ಚಾದರೆ ನಿಂತಲ್ಲೇ ಸೋಲುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಹಳ್ಳಗಳು ಒಣಗಿ, ಪ್ರಾಣಿಗಳು ನಮ್ಮ ಕಣ್ಮಾಯಿಗಳ ಕಡೆಗೂ ಮುಲ್ಲೈ ಪೆರಿಯಾರಿನ ನೀರು ಹರಿಯುವ ಕಾಲುವೆಗಳ ಕಡೆಗೂ ಇಳಿದು ಬರುವಾಗಲೇ ಈ ಸಾವುಗಳು ಹೆಚ್ಚು. ಕಟ್ಟೆಯಿಲ್ಲದ ಬಾವಿ, ಮುಳ್ಳುತಂತಿಯ ಬೇಲಿ, ಇರುಳಿನಲ್ಲಿ ಲಾರಿ ಓಡುವ ರಸ್ತೆ, ಈ ಮೂರೂ ನಾಯಿಯ ಜತೆಗೆ ಸೇರಿಕೊಳ್ಳುತ್ತವೆ.

ಬೆಳೆ ತಿನ್ನುವ ಪ್ರಾಣಿಗೆ ಮರುಕವೇ?

ನ್ಯಾಯವಾದ ಪ್ರಶ್ನೆಯಿದು, ಇದನ್ನು ಮರೆಮಾಚಿ ಬರೆಯುವುದು ತರವಲ್ಲ. ಅವರೆ ಹೂವಿಗೆ ಬಂದಾಗ ಜಿಂಕೆ ಇಳಿದು ಒಂದು ರಾತ್ರಿಯಲ್ಲಿ ಸಾಲು ಸಾಲು ಸವರಿ ಹೋದರೆ ರೈತನ ಹೊಟ್ಟೆ ಉರಿಯುತ್ತದೆ. ಹೊಲದ ಕಾವಲಿಗೆ ನಾಯಿ ಬೇಕು, ನಾಯಿ ಬೊಗಳಬೇಕು. ಆದರೆ ಕಾಯುವುದು ಬೇರೆ, ಅಟ್ಟುವುದು ಬೇರೆ. ಬೇಲಿಯೊಳಗೆ ನಿಂತು ಬೊಗಳಿ ಎಚ್ಚರಿಸುವ ನಾಯಿ ಬೆಳೆ ಉಳಿಸುತ್ತದೆ. ಬೇಲಿ ದಾಟಿ ಮೈಲಿ ದೂರ ಬೆಟ್ಟಕ್ಕೆ ಹೋದ ನಾಯಿ ಆ ಹೊತ್ತಿನಲ್ಲಿ ಹೊಲವನ್ನು ಹಂದಿಗೆ ಒಪ್ಪಿಸಿರುತ್ತದೆ.

ಇನ್ನೂ ಒಂದು ನಷ್ಟವಿದೆ. ಚಿರತೆಗೆ ನಾಯಿಯ ಮಾಂಸವೆಂದರೆ ಬಲು ಇಷ್ಟ. ಕಾಡಿನಂಚಿನಲ್ಲಿ ಬಿಡುಬೀಸಾಗಿ ತಿರುಗುವ ನಾಯಿ ಚಿರತೆಗೆ ಊರಿನ ದಾರಿ ತೋರಿಸುತ್ತದೆ. ನಾಯಿಯನ್ನು ಹುಡುಕಿಕೊಂಡು ಬಂದ ಚಿರತೆ ಕೊಟ್ಟಿಗೆಯ ಕರುವನ್ನೂ ನೋಡಿಹೋಗುತ್ತದೆ. ಕಾಡಿನಲ್ಲಿ ಜಿಂಕೆ ಕಡಮೆಯಾದಷ್ಟೂ ಅದರ ಕಣ್ಣು ನಮ್ಮ ಆಡುಕುರಿಗಳ ಮೇಲೆ ಬೀಳುತ್ತದೆ.

ದನ ಸಾಕುವವರು ಯೋಚಿಸಬೇಕಾದ ಮಾತೊಂದುಂಟು. ಮೇಘಮಲೆ ಅಭಯಾರಣ್ಯವೂ ಶ್ರೀವಿಲ್ಲಿಪುತ್ತೂರಿನ ಕಾಡೂ ಸೇರಿ ೨೦೨೧ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ೨೦೨೨ರ ಮಾರ್ಚಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ರಕ್ಷಿತಾರಣ್ಯಗಳಲ್ಲಿ ದನ ಮೇಯಿಸುವುದನ್ನು ತಡೆಯಿತು. ತಲೆಮಾರುಗಳಿಂದ ಬೆಟ್ಟದ ಹುಲ್ಲನ್ನು ನಂಬಿದ ಮಲೆಮಾಡಿನ ಸಾಕಣೆಗಾರರಿಗೆ ಇದು ಬದುಕಿನ ಪ್ರಶ್ನೆ. ತಮ್ಮ ಅಹವಾಲನ್ನು ಅವರು ಹೇಳಿಕೊಳ್ಳಲಿ, ಹೇಳಿಕೊಳ್ಳಲೇಬೇಕು. ಆದರೆ ದನದ ಹಿಂದೆ ಹೋದ ನಾಯಿ ಜಿಂಕೆಯನ್ನು ಕೆಡವಿತೆಂಬ ವರದಿ ಒಂದೊಂದಾಗಿ ಕೂಡಿದರೆ ಆ ಅಹವಾಲಿನ ಬಲ ಕುಗ್ಗುತ್ತದೆ. ನಾಯಿಯ ತಪ್ಪಿಗೆ ದನಗಾಹಿ ತಲೆ ತಗ್ಗಿಸುವಂತಾಗಬಾರದು.

ಕಾಯಿದೆ ಏನು ಹೇಳುತ್ತದೆ

ಹೊರದೇಶಗಳಲ್ಲಿ ಈ ಜಗಳದ ರೂಪ ಬೇರೆ. ಅಮೆರಿಕದಲ್ಲಿ ಜನರು ಬೇಟೆಗೆಂದೇ ಸ್ವಂತ ಭೂಮಿಯನ್ನು ಇಟ್ಟುಕೊಳ್ಳುತ್ತಾರೆ. ತೆಂಕಣದ ಕೆಲವು ಸಂಸ್ಥಾನಗಳಲ್ಲಿ ನಾಯಿ ಬಿಟ್ಟು ಜಿಂಕೆ ಬೇಟೆಯಾಡುವುದು ಕ್ರಮಬದ್ಧ. ಒಬ್ಬನ ನಾಯಿ ಮತ್ತೊಬ್ಬನ ಭೂಮಿಗೆ ನುಗ್ಗಿತೆಂಬ ವ್ಯಾಜ್ಯ ಅಲ್ಲಿ ಮುಗಿಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ ನಾಯಿಗಳನ್ನು ಬಿಟ್ಟು ಬೇಟೆಯಾಡುವುದನ್ನು ೨೦೦೪ರ ಕಾಯಿದೆಯಿಂದ ನಿಷೇಧಿಸಿದರು.

ನಮ್ಮ ದೇಶದಲ್ಲಿ ಬೇಟೆಯ ಭೂಮಿಯೆಂಬುದೇ ಇಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಿಂಕೆ, ಕಡವೆ, ಕಾಡುಕುರಿ ಇವೆಲ್ಲವುಗಳ ಬೇಟೆಯನ್ನೂ ನಿಷೇಧಿಸಿದೆ. ಜಿಂಕೆ ನಮ್ಮ ಪಟ್ಟಾ ಭೂಮಿಯಲ್ಲಿ ನಿಂತಿದ್ದರೂ ಅದು ನಮ್ಮದಾಗುವುದಿಲ್ಲ. ಗುಂಡು ಹೊಡೆಯುವುದು ಮಾತ್ರ ಬೇಟೆಯೆಂದು ತಿಳಿಯಬೇಡಿ. ಬೆನ್ನಟ್ಟುವುದು, ಸೋಹುವುದು, ಉರುಲು ಹಾಕುವುದು, ಇವುಗಳ ಪ್ರಯತ್ನ ಎಲ್ಲವೂ ಕಾಯಿದೆಯ ಕಣ್ಣಿನಲ್ಲಿ ಬೇಟೆಯೇ. ಸಾಮಾನ್ಯವಾಗಿ ೩ ವರ್ಷದವರೆಗೆ ಸೆರೆ, ಅಥವಾ ೧ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಭಯಾರಣ್ಯದೊಳಗೆ ಬೇಟೆಯಾಡಿದರೆ ೩ ವರ್ಷಕ್ಕೆ ಕಡಮೆಯಿಲ್ಲದೆ ೭ ವರ್ಷದವರೆಗೆ ಸೆರೆ, ೨೫,೦೦೦ ರೂಪಾಯಿಗೆ ಕಡಮೆಯಿಲ್ಲದ ದಂಡ. ಹಬ್ಬದ ಹೆಸರಿನಲ್ಲಿ ನಾಯಿಗಳನ್ನು ಕೂಡಿಸಿಕೊಂಡು ಮೊಲಬೇಟೆಗೆ ಹೊರಡುವ ತರುಣರಿಗೆ ಮನೆಯ ಹಿರಿಯರು ಇದನ್ನು ಬಿಡಿಸಿ ಹೇಳಬೇಕು.

ನಾಯಿ ಕೆಡವಿದ ಜಿಂಕೆಯ ಮಾಂಸವನ್ನು ‘ಹೇಗೂ ಸತ್ತಿದೆ’ ಎಂದು ಮನೆಗೆ ತರುವುದು ಎಲ್ಲಕ್ಕಿಂತ ದೊಡ್ಡ ಮೂಢತನ. ಹಾಗೆ ಸತ್ತ ಪ್ರಾಣಿ ಸರಕಾರದ ಸೊತ್ತು. ಅದು ಕೈಗೆ ಬಂದರೆ ೪೮ ಗಂಟೆಯೊಳಗೆ ಪೊಲೀಸು ಠಾಣೆಗಾಗಲಿ ಅಧಿಕಾರವುಳ್ಳ ಅರಣ್ಯಾಧಿಕಾರಿಗಾಗಲಿ ತಿಳಿಸಬೇಕು. ನಾಯಿ ತಾನಾಗಿ ಅಟ್ಟಿತೆಂದು ಹೇಳಿ ತಪ್ಪಿಸಿಕೊಳ್ಳಬಹುದಾದವನು ಮಾಂಸದ ಪಾತ್ರೆ ಒಲೆಯ ಮೇಲಿರುವಾಗ ಏನು ಹೇಳಿಯಾನು?

ವಿಷ ಇಡಬಾರದೇಕೆ

ಈಗ ನಮ್ಮ ತೋಟದವನ ಗುಳಿಗೆಯ ಮಾತಿಗೆ ಬರೋಣ. ಬಾಳೆಗೆ ಹಾಕುವ ಹುಳದ ಗುಳಿಗೆ ಅನ್ನದಲ್ಲಿ ಬೆರೆತರೆ ನಾಯಿ ಸಾಯುವುದು ನಿಜ. ನಾಯಿ ಮಾತ್ರವೇ ಸಾಯುವುದಿಲ್ಲ. ಕೋಳಿ ಕೆದಕುತ್ತದೆ, ನವಿಲು ಹೆಕ್ಕುತ್ತದೆ, ಸತ್ತ ನಾಯಿಯನ್ನು ತಿಂದ ನರಿಯೂ ಹದ್ದೂ ಚಿರತೆಯೂ ಸಾಯುತ್ತವೆ. ಮಕ್ಕಳು ಮುಟ್ಟಿದರೆ ಮಾತೇ ಇಲ್ಲ. ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವವರ ಕೆಲಸವೂ ಇದೇ ಜಾತಿಯದು. ಅದು ಹಂದಿಯ ಬಾಯಿಗೆ ಹೋಗುವ ಮೊದಲು ಹಸುವಿನ ಬಾಯಿಗೆ ಹೋಗುತ್ತದೆ.

ಕಾಯಿದೆಯೂ ಇದನ್ನು ಸಹಿಸುವುದಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೨೫ನೆಯ ಕಲಮಿನಂತೆ ಪ್ರಾಣಿಯನ್ನು ಕೊಂದು ಅಥವಾ ಊನಗೊಳಿಸಿ ಕೇಡೆಸಗಿದವನಿಗೆ ೫ ವರ್ಷದವರೆಗೆ ಸೆರೆಯಾಗಬಹುದು. ಬೀದಿನಾಯಿಯನ್ನೂ ಕೊಲ್ಲುವಂತಿಲ್ಲ. ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಅವುಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಹುಚ್ಚುರೋಗದ ಚುಚ್ಚುಮದ್ದನ್ನೂ ಮಾಡಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ.

ಕಡೆಯ ಮಾತು ಕಾಯಿದೆಗಿಂತ ದೊಡ್ಡದು. ವಿಷದಿಂದ ಸತ್ತ ನಾಯಿಯ ನೆನಪು ನೆರೆಯವನ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಉಳಿಯುತ್ತದೆ. ನಿಮ್ಮ ಕಾಲುವೆಯ ನೀರು ಅವನ ಹೊಲದ ಮೇಲೆ ಬರಬೇಕು, ನಿಮ್ಮ ಗಾಡಿ ಅವನ ದಾರಿಯಲ್ಲಿ ಹೋಗಬೇಕು.

ಮಾತನಾಡುವ ಬಗೆ

ತೋಟದವನು ಆ ರಾತ್ರಿ ಗುಳಿಗೆಯ ಚೀಲವನ್ನು ಮುಟ್ಟಲಿಲ್ಲ. ಅವನ ತಾಯಿ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಎರಡು ದಿನ ಕಳೆದು, ಸಿಟ್ಟು ಇಳಿದ ಮೇಲೆ, ಅವನು ಪಕ್ಕದ ತೋಟಕ್ಕೆ ಹೋದನು. ಆ ಮಾತುಕತೆಯನ್ನು ಅವನೇ ನನಗೆ ಹೇಳಿದಂತೆ ಬರೆಯುತ್ತೇನೆ.

“ಮಾವಾ, ಜಗಳಕ್ಕೆ ಬಂದವನಲ್ಲ. ಒಂದು ಮಾತು ಆಡಿ ಹೋಗೋಣ ಅಂತ ಬಂದೆ.”

“ಬಾಪ್ಪಾ, ಕೂತ್ಕೋ. ಬಾವಿ ಸಂಗತಿ ಕೇಳಿದೆ. ಆದರೆ ನನ್ನ ಕೆಂಚ ಅಂಥವನಲ್ಲ. ಅದು ಕೆಳಬೀದಿ ನಾಯಿಗಳ ಕೆಲಸ.”

“ಕೆಳಬೀದಿ ನಾಯಿಗಳೂ ಇದ್ದವು ಮಾವಾ. ಕೆಂಚನ ದನಿಯೂ ಇತ್ತು. ನಾಲ್ಕು ವರ್ಷದಿಂದ ಕೇಳಿದ ದನಿ, ನನಗೆ ತಿಳಿಯದೇ? ಬನ್ನಿ, ಹೆಜ್ಜೆ ಇನ್ನೂ ಒದ್ದೆ ಪಾತಿಯಲ್ಲಿದೆ, ನೀವೇ ನೋಡಿ.”

ಮಾವ ಎದ್ದು ಬಂದನು. ಈರುಳ್ಳಿ ಪಾತಿಯ ಕೆಸರಿನಲ್ಲಿ ಜಿಂಕೆಯ ಗೊರಸಿನ ಗುರುತೂ ಅದರ ಮೇಲೆಯೇ ನಾಯಿಯ ಹೆಜ್ಜೆಗಳೂ ಇದ್ದವು. ಒಂದು ಹೆಜ್ಜೆಯಲ್ಲಿ ಒಂದು ಬೆರಳಿರಲಿಲ್ಲ. ಕೆಂಚನು ಮರಿಯಾಗಿದ್ದಾಗ ಎಡ ಮುಂಗಾಲಿನ ಬೆರಳೊಂದನ್ನು ಹಂದಿಯ ಉರುಲಿನಲ್ಲಿ ಕಳೆದುಕೊಂಡಿದ್ದನು. ಮಾವ ಬಹಳ ಹೊತ್ತು ಬಗ್ಗಿ ನೋಡಿ, “ಹೊಟ್ಟೇಲಿ ಮರಿ ಇತ್ತಂತೆ?” ಎಂದು ಮಾತ್ರ ಕೇಳಿದನು.

ಇದರಿಂದ ಕಲಿಯತಕ್ಕ ಪಾಠಗಳು ನಾಲ್ಕು. ಸಿಟ್ಟು ಇಳಿದ ಮೇಲೆ ಹೋಗಬೇಕು. ಹತ್ತು ಜನರೆದುರು ಹೇಳದೆ ಅವನ ಮನೆಯಂಗಳದಲ್ಲಿ ಹೇಳಬೇಕು. ಬಾಯಿಮಾತಿಗಿಂತ ಕಣ್ಣಿಗೆ ಕಾಣುವ ಗುರುತನ್ನು ತೋರಿಸಬೇಕು. ‘ನಾಯಿಯನ್ನು ತೊಲಗಿಸು’ ಎನ್ನದೆ ‘ಕಟ್ಟಲು ನಾನೂ ನೆರವಾಗುತ್ತೇನೆ’ ಎನ್ನಬೇಕು. ಇಷ್ಟಾದರೂ ಕೇಳದವನಿದ್ದರೆ ಊರ ಹಿರಿಯರ ಮುಂದೆ, ಆಮೇಲೆ ಪಂಚಾಯತಿಗೆ ಅರ್ಜಿ, ಕಡೆಗೆ ಅರಣ್ಯ ಇಲಾಖೆ. ಮೊದಲ ಮೆಟ್ಟಿಲನ್ನು ಬಿಟ್ಟು ಕಡೆಯ ಮೆಟ್ಟಿಲಿಗೆ ಹಾರಿದವನ ಕೆಲಸ ಕೆಡುತ್ತದೆ.

ನಾಯಿಯುಳ್ಳವರು ಮಾಡಬೇಕಾದುದು

ಕಟ್ಟುವುದು: ಸಂಜೆಯಿಂದ ಬೆಳಿಗ್ಗೆ ಬಿಸಿಲೇರುವವರೆಗೆ ನಾಯಿ ಕಟ್ಟಿನಲ್ಲಿರಲಿ, ಜಿಂಕೆ ಇಳಿದು ಬರುವುದು ಆ ಹೊತ್ತಿನಲ್ಲಿಯೇ. ಗಿಡ್ಡ ಸರಪಳಿಯಲ್ಲಿ ಗೂಟಕ್ಕೆ ಬಿಗಿಯುವುದು ಒಳ್ಳೆಯದಲ್ಲ. ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅತಿ ಹೊತ್ತು ಕಟ್ಟುವುದನ್ನು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೆ ಇರುವುದನ್ನು ೧೯೬೦ರ ಪ್ರಾಣಿ ಹಿಂಸೆ ತಡೆ ಕಾಯಿದೆ ಕ್ರೌರ್ಯವೆಂದೇ ಎಣಿಸುತ್ತದೆ. ಉತ್ತಮ ಉಪಾಯವೆಂದರೆ ಎರಡು ಕಂಬಗಳ ನಡುವೆ ಗಟ್ಟಿ ತಂತಿಯನ್ನೆಳೆದು, ಅದಕ್ಕೆ ಜಾರುವ ಬಳೆಯನ್ನು ತೊಡಿಸಿ, ಬಳೆಗೆ ಸರಪಳಿಯನ್ನು ಸಿಕ್ಕಿಸುವುದು. ನಾಯಿ ತಂತಿಯುದ್ದಕ್ಕೂ ಓಡಾಡಿ ಬೇಲಿಯನ್ನು ಕಾಯುತ್ತದೆ, ದಾಟಿ ಹೋಗಲಾರದು. ತಂತಿಯ ತುದಿಗಳಲ್ಲಿ ತಡೆಯಿರಲಿ, ಕಂಬಕ್ಕೆ ಸರಪಳಿ ಸುತ್ತಿಕೊಳ್ಳಬಾರದು. ನೆರಳೂ ನೀರೂ ಕೈಗೆಟಕುವಲ್ಲಿರಲಿ.

ಸಂತಾನಹರಣ: ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಬಸಿರು ಸುಮಾರು ೬೩ ದಿನ. ಸಾಕಲಾರದ ಮರಿಗಳನ್ನು ಚೀಲದಲ್ಲಿ ತುಂಬಿ ಬೆಟ್ಟದ ದಾರಿಯಲ್ಲಿ ಬಿಟ್ಟುಬರುವವರಿದ್ದಾರೆ. ಬದುಕಿ ಉಳಿದ ಮರಿಗಳೇ ಮುಂದೆ ಯಾರ ಮಾತನ್ನೂ ಕೇಳದ ಗುಂಪಾಗುತ್ತವೆ. ತಳಿ ಉಳಿಸುವ ಇಚ್ಛೆಯಿಲ್ಲದವರು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಶಸ್ತ್ರಚಿಕಿತ್ಸೆ ಮಾಡಿಸಲಿ.

ಚುಚ್ಚುಮದ್ದು: ಮರಿಗೆ ಮೂರು ತಿಂಗಳಾದಾಗ ಹುಚ್ಚುರೋಗದ ಮದ್ದು, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಮ್ಮೆ, ಅನಂತರ ವರ್ಷವರ್ಷವೂ. ಡಿಸ್ಟೆಂಪರ್ ಎಂಬ ರೋಗದ ಮದ್ದನ್ನೂ ಮರೆಯಬಾರದು. ಆಫ್ರಿಕದ ಸೆರೆಂಗೆಟಿ ಕಾಡಿನಲ್ಲಿ ೧೯೯೪ರಲ್ಲಿ ಈ ರೋಗ ತಗಲಿ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತುವು. ನಮ್ಮ ಗುಜರಾತಿನ ಗಿರ್ ಕಾಡಿನಲ್ಲಿಯೂ ೨೦೧೮ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಇದೇ ರೋಗಾಣು ಕಂಡುಬಂದಿತು. ಊರನಾಯಿಯಿಂದ ಸೀಳುನಾಯಿಗೆ ಈ ರೋಗ ದಾಟಿದರೆ ಒಂದು ಗುಂಪಿಗೆ ಗುಂಪೇ ಅಳಿಯಬಹುದು. ಮೂರು ತಿಂಗಳಿಗೊಮ್ಮೆ ಹೊಟ್ಟೆಹುಳುವಿನ ಔಷಧಿ ಕೊಡಿಸಿರಿ. ಕುರಿಗಳಿಗೆ ಬರುವ ತಲೆಸುತ್ತಿನ ರೋಗದ ಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆಂಬುದು ಕುರಿಯವರಿಗೆ ತಿಳಿದಿರಲಿ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯಬಾರದು.

ಕಸ: ಕೋಳಿಯಂಗಡಿಯ ಕಸವನ್ನೂ ಸತ್ತ ದನವನ್ನೂ ಕಾಡಿನಂಚಿನ ಹಳ್ಳಕ್ಕೆ ಎಸೆಯುವ ರೂಢಿ ನಿಲ್ಲಬೇಕು. ಆಳವಾಗಿ ಹೂಳಬೇಕು. ಅನ್ನ ಸಿಕ್ಕುವಲ್ಲಿ ನಾಯಿ ಕೂಡುತ್ತದೆ, ಕೂಡಿದ ನಾಯಿ ಬೇಟೆಗೆ ಹೊರಡುತ್ತದೆ.

ಬಾವಿ: ನಾಯಿಯಿಲ್ಲದವರಿಗೂ ಒಂದು ಕೆಲಸವಿದೆ. ತೆರೆದ ಬಾವಿಗೆ ಎದೆಯೆತ್ತರದ ಕಟ್ಟೆ ಕಟ್ಟಿಸಿ. ಅದಾಗದಿದ್ದರೆ ಗಟ್ಟಿ ಬಲೆ ಹೊದಿಸಿ. ಕೃಷಿಹೊಂಡದ ಒಂದು ಬದಿಯನ್ನು ಇಳಿಜಾರು ಮಾಡಿ ಬಿಟ್ಟರೆ ಬಿದ್ದ ಪ್ರಾಣಿ ತಾನೇ ಏರಿ ಹೋಗುತ್ತದೆ. ಮಕ್ಕಳಿರುವ ಮನೆಗೆ ಇದು ಹೇಗೂ ಬೇಕಾದುದೇ.

ಜಿಂಕೆ ಕಂಡರೆ ಏನು ಮಾಡಬೇಕು

ಅಟ್ಟಿಸಿಕೊಂಡು ಬಂದ ಜಿಂಕೆ ಊರೊಳಗೆ ಹೊಕ್ಕರೆ ಮೊದಲು ನಾಯಿಗಳನ್ನು ಕಟ್ಟಿರಿ, ಅನಂತರ ಜನರನ್ನು ದೂರ ಸರಿಸಿರಿ. ಸುತ್ತ ನಿಂತು ಕೂಗುವುದು, ಮುಟ್ಟುವುದು, ಪಟ ತೆಗೆಯುವುದು ಅದಕ್ಕೆ ಎರಡನೆಯ ಬೇಟೆ. ಎದ್ದು ಹೋಗುವಂತಿದ್ದರೆ ಬೆಟ್ಟದ ಕಡೆಗೆ ದಾರಿ ಬಿಟ್ಟು ಸುಮ್ಮನಿರಿ. ಬಿದ್ದಿದ್ದರೆ ಕಣ್ಣಿಗೆ ಬಟ್ಟೆ ಹೊದಿಸಿ ನೆರಳು ಮಾಡಿರಿ. ಬಾಯಿಗೆ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಡಲೆ ಅರಣ್ಯ ಇಲಾಖೆಗೆ ತಿಳಿಸಿರಿ. ನಾಯಿ ಕಚ್ಚಿದ ಪ್ರಾಣಿಯ ಗಾಯವನ್ನು ಬರಿಗೈಯಿಂದ ಮುಟ್ಟಬಾರದು.

ಈ ಗಲಾಟೆಯಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ, ಹೇಳಿದ ದಿನಗಳಂದು ತಪ್ಪದೆ ಮುಗಿಸಬೇಕು. ಹುಚ್ಚುರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದು ಇಲ್ಲವೆಂದೇ ತಿಳಿಯಬೇಕು. ಹಸುವಿಗೆ ಕಚ್ಚಿದ್ದರೆ ೧೯೬೨ಕ್ಕೆ ಫೋನು ಮಾಡಿ ಪಶುವೈದ್ಯರನ್ನು ಕರೆಸಬಹುದು. ಹಸುವಿಗೂ ಹಾಗೆಯೇ ತಡಮಾಡದೆ ಮದ್ದು ಬೇಕು.

ನಮ್ಮವರಿಗೆ ತಿಳಿಯದ ಪಾಠವಲ್ಲ

ಪ್ರಾಣಿಗೆ ಅಂಕೆಯೂ ಮನುಷ್ಯನಿಗೆ ನೇಮವೂ ಬೇಕೆಂಬುದನ್ನು ಹೊರಗಿನವರು ಬಂದು ನಮಗೆ ಕಲಿಸಬೇಕಾಗಿಲ್ಲ. ತುಂಗಭದ್ರೆಯ ಕಡೆಯಿಂದ ಬಂದೆವೆಂದು ಹೇಳಿಕೊಳ್ಳುವ ನಮ್ಮ ಹಿರಿಯರು ಕಂಬಮ್ಮಿನಲ್ಲಿ ದೇವರ ಹೆಸರಿನ ದನದ ಹಿಂಡನ್ನು ಕಟ್ಟಿ ಕಾಪಾಡಿದರು. ಅದನ್ನು ತಮಿಳರು ತಂಬಿರಾನ್ ಮಾಡು ಎನ್ನುತ್ತಾರೆ. ಆ ಹಿಂಡಿನ ಹಸುಗಳನ್ನು ಕರೆಯದೆ ಹಾಲನ್ನು ಕರುಗಳಿಗೇ ಬಿಡುವ ಕಟ್ಟಳೆಯೂ, ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನಿಟ್ಟು ಮೊದಲು ಬಂದ ಕರುವನ್ನೇ ಪಟ್ಟದ ಹೋರಿಯಾಗಿ ಆರಿಸುವ ಪದ್ಧತಿಯೂ ೧೯೦೬ರಲ್ಲಿ ಅಚ್ಚಾದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ದಾಖಲಾಗಿವೆ. ಮಾಟ್ಟುಪೊಂಗಲಿನ ದಿನ ಆ ತೊಳುವಿಗೆ ಊರಿಗೂರೇ ಬರುತ್ತದೆ. ಬರವಿದ್ದ ವರ್ಷಗಳಲ್ಲಿಯೂ ಕೈ ಬಿಗಿಹಿಡಿದು ಇಂಥ ನೇಮವನ್ನು ನಡೆಸಿದ ಜನಕ್ಕೆ ಸಂಜೆ ಆರು ಗಂಟೆಗೆ ನಾಯಿಯನ್ನು ಕಟ್ಟುವುದು ಎಷ್ಟರ ಕೆಲಸ?

ಮಾವ ಅಳಿಯರ ಮಾತು ಹೀಗೆ ಮುಗಿಯಿತು. ಕಂಬ ಮಾವನದು, ತಂತಿ ಅಳಿಯನದು. ಕೆಂಚನಿಗೂ ಇನ್ನೆರಡು ನಾಯಿಗಳಿಗೂ ಮದ್ದು ಹಾಕಿಸಲು ಇಬ್ಬರೂ ಒಂದೇ ಗಾಡಿಯಲ್ಲಿ ಪಶು ಆಸ್ಪತ್ರೆಗೆ ಹೋದರು. ಕೆಳಬೀದಿಯ ನಾಯಿಗಳ ವಿಷಯವಾಗಿ ಇಬ್ಬರೂ ರುಜು ಮಾಡಿ ಪಂಚಾಯತಿಗೆ ಅರ್ಜಿ ಕೊಟ್ಟರು. ಆ ಕೆಲಸ ಇನ್ನೂ ಅರೆಯಲ್ಲಿದೆ, ಎರಡು ಸಲ ನೆನಪು ಮಾಡಿದ್ದಾರೆ. ಬಾವಿಗೆ ಕಟ್ಟೆ ಎದ್ದಿದೆ.

ಈ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ರಾತ್ರಿ ತಂಗಿದೆ. ನಡುರಾತ್ರಿ ಕೆಂಚನು ತಂತಿಯ ಬಳೆಯನ್ನು ಝಣಝಣ ಎಳೆಯುತ್ತ ಬೇಲಿಯುದ್ದಕ್ಕೂ ಓಡಿ ಬೊಗಳಿದನು. ಟಾರ್ಚು ಹಾಕಿ ನೋಡಿದರೆ ಬೇಲಿಯಾಚೆ ನಾಲ್ಕೈದು ಜೊತೆ ಕಣ್ಣುಗಳು ಹೊಳೆದುವು. ಸ್ವಲ್ಪ ಹೊತ್ತು ನಿಂತು ಅವು ಬೆಟ್ಟದ ಕಡೆಗೆ ತಿರುಗಿದುವು. ಅವರೆ ಸಾಲು ಉಳಿಯಿತು. ಪಕ್ಕದ ತೋಟದಿಂದ ಮಾವ ಕೂಗಿ ಕೇಳಿದನು: “ಏನಪ್ಪಾ ಅದು?”

“ಏನಿಲ್ಲ ಮಾವಾ, ಮಲಗಿ” ಎಂದನು ಅಳಿಯ.